ಕಾಲ್ಬೆರಳಿನ ಲೆಕ್ಕ

ಕೆಲವು ವರ್ಷಗಳ ಹಿಂದೆ ಪಟ್ಟಣದಿಂದ ತಂದ ಹೊಸ ಸೈಕಲ್ಲೊಂದನ್ನು ಗಂಗಾವತಿ ತಾಲ್ಲೂಕಿನ ಮರಳಿಯಲ್ಲಿ ಪರಿಚಿತ ಹಿರಿಯರೊಬ್ಬರಿಗೆ ಅಭಿಮಾನದಿಂದ ತೋರಿಸಿದೆ. ಅವರು ಬೆಲೆ ಕೇಳಲಿಲ್ಲ, ಬಣ್ಣ ನೋಡಲಿಲ್ಲ. ಪೆಡಲನ್ನು ಮುಂದಕ್ಕೆ ತಂದು ಅದರ ಮೇಲೆ ಪಾದವಿಟ್ಟು, ಹ್ಯಾಂಡಲನ್ನು ಒಂದು ಮಗ್ಗುಲಿಗೆ ಹೊರಳಿಸಿದರು. ಚಪ್ಪಲಿಯ ತುದಿ ಮಡ್‌ಗಾರ್ಡಿಗೆ ತಗುಲಿತು. "ಬೆರಳಿಗೆ ಬಡೀತೈತ್ರೀ ಮಾಸ್ತರ. ಕಾಲುವಿ ದಂಡಿ ಮ್ಯಾಲೆ ಇದು ಬ್ಯಾಡ್ರಿ" ಎಂದರು. ನಾನು ನಕ್ಕೆ. ವಾರ ತುಂಬುವುದರೊಳಗೆ, ಎದುರು ಬಂದ ಬಂಡಿಗೆ ದಾರಿ ಬಿಡಲು ಮೆಲ್ಲಗೆ ತಿರುಗುವಾಗ ಬೆರಳು ಗಾಲಿಗೆ ತಗುಲಿ, ನಾನೂ ಸೈಕಲ್ಲೂ ಒಟ್ಟಿಗೇ ಭತ್ತದ ಗದ್ದೆಗೆ ಇಳಿದೆವು. ನಗುವ ಸರದಿ ಬಂಡಿಯವನದಾಯಿತು.

ಆ ಹಿರಿಯರ ಪರೀಕ್ಷೆಯ ಹಿಂದೆ ಒಂದು ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆಯೆಂಬುದು ಆಮೇಲೆ ನನಗೆ ತಿಳಿಯಿತು.

1870ರ ದಶಕದ ಸೈಕಲ್ಲಿಗೆ ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ. ಪೆಡಲು ಮುಂದಿನ ಗಾಲಿಗೇ ಅಂಟಿತ್ತು. ಸವಾರ ಅದರ ನೆತ್ತಿಯ ಮೇಲೆ. ದಾರಿಯಲ್ಲಿ ಒಂದು ಕಲ್ಲು ಅಡ್ಡವಾದರೆ ಅವನು ತಲೆಕೆಳಗಾಗಿ ಬೀಳುತ್ತಿದ್ದ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು 'ರೋವರ್' ಸೈಕಲ್ಲನ್ನು ಹೊರತಂದು ಸವಾರನನ್ನು ಎರಡು ಗಾಲಿಗಳ ನಡುವೆ ಕೂರಿಸಿದ. ಸರಪಳಿ ಹಿಂದಿನ ಗಾಲಿಯನ್ನು ತಿರುಗಿಸಿತು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರನ್ನು ಕೊಟ್ಟ. ಬೀಳುವ ಭಯ ಕಡಿಮೆಯಾಯಿತು. ಆದರೆ ಹೊಸದೊಂದು ಪ್ರಶ್ನೆ ಹುಟ್ಟಿತು. ಈಗ ಮುಂಗಾಲಿ ಪಾದದ ಎದುರಿಗೇ ಇದೆ. ಅವೆರಡರ ನಡುವೆ ಎಷ್ಟು ಜಾಗವಿರಬೇಕು?

ಆಗಿನ ಇಂಗ್ಲೆಂಡಿನ ರಸ್ತೆಗಳೂ ಕಲ್ಲು, ಧೂಳುಗಳವೇ. ಆದ್ದರಿಂದ ಕುಶಲಿಗಳು ಹ್ಯಾಂಡಲಿನ ಕಂಬವನ್ನು ಹಿಂದಕ್ಕೆ ಒರಗಿಸಿದರು. ನೆಲಕ್ಕೆ ಸುಮಾರು 68 ಡಿಗ್ರಿ. ಫೋರ್ಕಿನ ತುದಿಯನ್ನು ಮೂರು ಅಂಗುಲದಷ್ಟು ಮುಂದಕ್ಕೆ ಬಾಗಿಸಿದರು. ಗಾಲಿಯಿಂದ ಗಾಲಿಯ ನಡುವೆ ಸುಮಾರು 45 ಅಂಗುಲ ದೂರವಾಯಿತು. ಇಂದಿನ ಪಂದ್ಯದ ಸೈಕಲ್ಲಿಗೆ ಇದು 39 ಅಂಗುಲದ ಆಸುಪಾಸು, ಕಂಬ 73 ಡಿಗ್ರಿಯಷ್ಟು ನೆಟ್ಟಗೆ. ಉದ್ದವಾದ ಸೈಕಲ್ಲು ಕುಳಿಯಲ್ಲಿ ಕುಲುಕುವುದು ಕಡಿಮೆ, ನೇರವಾಗಿ ಸಾಗುವುದು ಸುಲಭ, ಬೆರಳಿಗೂ ಎಡೆ ಧಾರಾಳ. ಗಿಡ್ಡ ಸೈಕಲ್ಲು ಥಟ್ಟನೆ ತಿರುಗುತ್ತದೆ, ಆದರೆ ನಿಧಾನದ ತಿರುವಿನಲ್ಲಿ ಬೆರಳನ್ನು ಹುಡುಕಿಕೊಂಡು ಬರುತ್ತದೆ. ವೇಗದಲ್ಲಿ ಹ್ಯಾಂಡಲು ಅಷ್ಟು ಹೊರಳುವುದೇ ಇಲ್ಲವಾದ್ದರಿಂದ ಪಂದ್ಯದವನಿಗೆ ಈ ಚಿಂತೆಯಿಲ್ಲ.

ಫೋರ್ಕನ್ನು ಬಾಗಿಸಿದ್ದು ಅಂದಕ್ಕಲ್ಲ. ಹ್ಯಾಂಡಲಿನ ಕಂಬದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಗಾಲಿ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಹಸುವಿನ ಹಿಂದೆ ಕರು ಬರುವಂತೆ ಗಾಲಿ ಆ ಗೆರೆಯ ಹಿಂದೆ ಬರುತ್ತದೆ. ಸೈಕಲ್ಲು ನೆಟ್ಟಗೆ ನಡೆಯಲು ಇದರ ನೆರವು ದೊಡ್ಡದು. ಕಂಬವನ್ನು ಹೆಚ್ಚು ಒರಗಿಸಿದಷ್ಟೂ ಈ ಅಂತರ ಬೆಳೆದು ಹ್ಯಾಂಡಲು ಭಾರವಾಗುತ್ತದೆ. ಫೋರ್ಕಿನ ಬಾಗು ಅದನ್ನು ಹಿಡಿತಕ್ಕೆ ತರುತ್ತದೆ. ಹಳೆಯ ಸೈಕಲ್ಲಿಗೂ ಪಂದ್ಯದ ಸೈಕಲ್ಲಿಗೂ ಈ ಅಂತರ ಹೆಚ್ಚುಕಡಿಮೆ ಎರಡೂಕಾಲು ಅಂಗುಲವೇ ಎಂದರೆ ಆಶ್ಚರ್ಯವಲ್ಲವೇ?

ಮುಂದೆ ಇಂಗ್ಲೆಂಡಿನ ರಸ್ತೆಗಳು ಡಾಂಬರು ಕಂಡವು, ಅಲ್ಲಿನ ಸೈಕಲ್ಲುಗಳು ಗಿಡ್ಡವಾದವು. ಇಲ್ಲಿ ಹಾಗಾಗಲಿಲ್ಲ. ಸ್ವಾತಂತ್ರ್ಯಾನಂತರ ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನೀಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಆರಂಭವಾದಾಗಲೂ ಆ ಹಳೆಯ ಉದ್ದನೆಯ ಮೈಕಟ್ಟೇ ಉಳಿಯಿತು. ಇದನ್ನು ಹಿಂದುಳಿದಿರುವಿಕೆ ಎನ್ನುವವರುಂಟು. ಅವರು ನಮ್ಮ ಸೀಮೆಗೆ ಬರಬೇಕು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ನೀರು ಕೊಟ್ಟಿತು. ಎಡದಂಡೆ ಕಾಲುವೆ ಗಂಗಾವತಿಯ ಎರೆಹೊಲಗಳನ್ನು ಭತ್ತದ ಕಣಜವಾಗಿಸಿತು. ಮಳೆಗಾಲದಲ್ಲಿ ಎರೆಯ ದಾರಿ ಅಂಟು, ಬೇಸಗೆಯಲ್ಲಿ ಬಿರುಕು. ಅಂಥಲ್ಲಿ ಕ್ಯಾರಿಯರಿನ ಮೇಲೆ ಚೀಲ ಹೇರಿದಾಗ, ಹಿಂದಿನ ಗಾಲಿ ದೂರವಿದ್ದುದರಿಂದಲೇ ಹಿಮ್ಮಡಿ ಚೀಲಕ್ಕೆ ತಾಗಲಿಲ್ಲ. ಮುಂದಿನದು ದೂರವಿದ್ದುದರಿಂದಲೇ ಬೆರಳು ಉಳಿಯಿತು. ಇಂಗ್ಲೆಂಡಿನವನು ಮೈನೋವಿಗೆ ಹೆದರಿ ಕೊಟ್ಟ ಉದ್ದವನ್ನು ನಮ್ಮ ರೈತ ದುಡಿಮೆಗೆ ಹೂಡಿಕೊಂಡ.

ಅದರ ದೋಷವನ್ನೂ ಹೇಳಬೇಕು. ಇಪ್ಪತ್ತು ಕಿಲೋ ತೂಕ; ಇಕ್ಕಟ್ಟಿನಲ್ಲಿ ತಿರುಗದು. ದೊಡ್ಡವರ ಅಳತೆಯದೇ ಮನೆಗೊಂದು. ಮಕ್ಕಳು ನಡುವಿನ ಬಾರಿನ ಅಡಿಯಿಂದ ಕಾಲು ತೂರಿಸಿ ಸೊಟ್ಟಗೆ ತುಳಿಯಬೇಕಾಗಿತ್ತು. ಗಾಲಿಯನ್ನು ಹಾಗೆಯೇ ಇಟ್ಟು ಮೈಯನ್ನು ಮಾತ್ರ ಚಿಕ್ಕದು ಮಾಡಿದರೂ ಕಷ್ಟ ತಪ್ಪದು: ಗಾಲಿ ಬೆರಳಿಗೆ ಹತ್ತಿರವಾಗುತ್ತದೆ. ನನ್ನ ಗತಿಯಾದದ್ದು ಅದೇ.

ಈಗ ಚೀಲಗಳು ಮೋಟಾರು ಗಾಡಿ ಏರಿವೆ, ಸೈಕಲ್ಲುಗಳು ಗಿಡ್ಡವಾಗಿವೆ. ಇರಲಿ. ಆದರೆ ಮಗನಿಗೋ ಮಗಳಿಗೋ ಸೈಕಲ್ಲು ಕೊಳ್ಳುವಾಗ ಬಣ್ಣ ನೋಡುವ ಮೊದಲು ಮಗುವನ್ನೇ ಸೀಟಿನ ಮೇಲೆ ಕೂರಿಸಿ, ಪೆಡಲು ಮುಂದಿಟ್ಟು, ಹ್ಯಾಂಡಲು ಹೊರಳಿಸಿ ನೋಡಿ. ಮರಳಿಯ ಹಿರಿಯರು ಡಿಗ್ರಿಯ ಲೆಕ್ಕ ಓದಿದವರಲ್ಲ. ಅವರ ಕಾಲ್ಬೆರಳು ಅದನ್ನು ಓದಿಕೊಂಡಿತ್ತು.