ಅರಭಾವಿ, ಸಂಕೇಶ್ವರ, ತುಕ್ಕಾನಟ್ಟಿ: ಕೃಷಿ ತರಬೇತಿಯ ಮೂರು ನೆಲೆಗಳನ್ನು ಕುರಿತು

1. ವ್ಯಾಪ್ತಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಆಧುನಿಕ ಕೃಷಿಯನ್ನು ವೃತ್ತಿಯಾಗಿ ಹಿಡಿಯುವವರಿಗೆ ಸಿಗುವ ಕಲಿಕೆಯನ್ನೆಲ್ಲ ‘ತರಬೇತಿ’ ಎಂಬ ಒಂದೇ ಮಾತಿನಲ್ಲಿ ಹೇಳುವುದು ರೂಢಿ. ಈ ಮಾತಿನೊಳಗೆ ಕನಿಷ್ಠ ಮೂರು ಸಂಗತಿಗಳಿವೆ: ವಿಶ್ವವಿದ್ಯಾಲಯ ಕೊಡುವ ಪದವಿ, ಶಾಸನಬದ್ಧ ಪ್ರಾಧಿಕಾರದ ಮಾನ್ಯತೆಯುಳ್ಳ ಪ್ರಮಾಣಪತ್ರ, ಹೊಲದಲ್ಲಿ ಮಾಡಿ ತೋರಿಸುವ ಪ್ರಾತ್ಯಕ್ಷಿಕೆ. ಇವುಗಳನ್ನು ಬಿಡಿಸಿ ನೋಡುವುದು, ಜೊತೆಗೆ ಸ್ಥಳ ಮತ್ತು ಇಸವಿಗಳಲ್ಲಿ ಕಾಣುವ ಕೆಲವು ವ್ಯತ್ಯಾಸಗಳನ್ನು ಗುರುತಿಸುವುದು ಇಲ್ಲಿನ ಸೀಮಿತ ಉದ್ದೇಶ.

2. ತಾಲ್ಲೂಕಿನ ಹೆಸರು

ಮೂಡಲಗಿ ಪ್ರತ್ಯೇಕ ತಾಲ್ಲೂಕಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಅದಕ್ಕೆ ಮುಂಚಿನ ಬರಹಗಳಲ್ಲಿ ಅರಭಾವಿ, ತುಕ್ಕಾನಟ್ಟಿ ಎರಡೂ ಗೋಕಾಕ ತಾಲ್ಲೂಕಿನ ಊರುಗಳು. ಈಗ ಎರಡೂ ಮೂಡಲಗಿಗೆ ಸೇರಿವೆ. ಆದ್ದರಿಂದ ತಾಲ್ಲೂಕುವಾರು ಎಣಿಕೆಯಲ್ಲಿ 2018ರ ಹಿಂದಿನ ಮತ್ತು ಮುಂದಿನ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಗೋಕಾಕ ಒಂದು ಕಾಲೇಜನ್ನೂ ಒಂದು ಕೃಷಿ ವಿಜ್ಞಾನ ಕೇಂದ್ರವನ್ನೂ ಕಳೆದುಕೊಂಡಂತೆ ಕಾಣುತ್ತದೆ. ಸಂಸ್ಥೆಗಳು ಇದ್ದಲ್ಲೇ ಇವೆ, ಸರಿದದ್ದು ಗಡಿಗೆರೆ. ಮೂಡಲಗಿಯ ಹೆಸರನ್ನು ‘ಮುಡಲಗಿ’ ಎಂದು ಬರೆಯುವುದೂ ಇರುವುದರಿಂದ ಒಂದೇ ರೂಪವನ್ನು ಹುಡುಕಿದರೆ ಮಾಹಿತಿ ತಪ್ಪಿಹೋಗುವ ಸಾಧ್ಯತೆಯಿದೆ.

3. ಅರಭಾವಿ

ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಆರಂಭವಾದದ್ದು 1994ರಲ್ಲಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದ (1986) ಅಂಗವಾಗಿ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಲ್ಲಿ ಸ್ಥಾಪನೆಯಾದ ಬಳಿಕ ಕಾಲೇಜು ಅದರ ಆಡಳಿತಕ್ಕೆ ಬಂತು. ಕಾಲೇಜಿನ ವಯಸ್ಸು ಅದರ ಈಗಿನ ವಿಶ್ವವಿದ್ಯಾಲಯದ ವಯಸ್ಸಿಗಿಂತ ಹೆಚ್ಚು ಎಂಬುದು ಸಣ್ಣ ಸಂಗತಿಯಲ್ಲ: ಮೊದಲ ತಂಡಗಳ ಪದವಿಪತ್ರಗಳ ಮೇಲೆ ಧಾರವಾಡದ ಹೆಸರಿದ್ದರೆ ಈಚಿನವುಗಳ ಮೇಲೆ ಬಾಗಲಕೋಟೆಯದು. ಹೆಸರಿನ ಸಾಮ್ಯದಿಂದ ಈ ಕಾಲೇಜನ್ನು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದೊಂದಿಗೆ (2010) ಬೆಸೆಯುವುದು ಸರಿಯಲ್ಲ. ಅದು ಸಾಮಾನ್ಯ ಪದವಿಗಳ ವಿಶ್ವವಿದ್ಯಾಲಯ.

ಇಲ್ಲಿನ ಸ್ನಾತಕ ಪದವಿ ನಾಲ್ಕು ವರ್ಷದ್ದು, ಎಂಟು ಸೆಮಿಸ್ಟರ್. ಪ್ರವೇಶ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಕೃಷಿಕ ಕುಟುಂಬದ ಅಭ್ಯರ್ಥಿಗಳಿಗೆ ಪ್ರತ್ಯೇಕ ಕೋಟಾ ಇದ್ದು, ಅದರ ಪ್ರಮಾಣವನ್ನು 2021ರಲ್ಲಿ ಶೇ 40ರಿಂದ ಶೇ 50ಕ್ಕೆ ಏರಿಸಲಾಯಿತು. ಈ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು: ಬೀಜ, ಗೊಬ್ಬರ, ಸಲಕರಣೆಗಳನ್ನು ಎದುರಿಗಿಟ್ಟು ಗುರುತಿಸಲು ಹೇಳುತ್ತಾರೆ. ಹೊಲದಲ್ಲಿ ಬೆಳೆದ ಮಕ್ಕಳ ಕಣ್ಣಿನ ಅರಿವನ್ನು ಅಂಕವಾಗಿ ಲೆಕ್ಕಕ್ಕೆ ಹಿಡಿಯುವ ಇಂಥ ವ್ಯವಸ್ಥೆ ಬೇರೆ ವೃತ್ತಿಶಿಕ್ಷಣದಲ್ಲಿ ವಿರಳವೆಂದೇ ಹೇಳಬೇಕು. ಇದು ಹೆಚ್ಚಿನ ಅಧ್ಯಯನಕ್ಕೆ ಅರ್ಹ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ರೈತರೊಂದಿಗೆ ಕೆಲಸ ಮಾಡುವ ಗ್ರಾಮೀಣ ಕಾರ್ಯಾನುಭವವು 2015ರಿಂದ ‘ಸ್ಟೂಡೆಂಟ್ ರೆಡಿ’ ಎಂಬ ರಾಷ್ಟ್ರೀಯ ಕಾರ್ಯಕ್ರಮದ ಚೌಕಟ್ಟಿನಲ್ಲಿದೆ.

ಅರಭಾವಿಯಲ್ಲಿ ಧಾರವಾಡ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರವೂ ಇದೆ. ಮೆಕ್ಕೆಜೋಳ ಸಂಶೋಧನೆಯಲ್ಲಿ ಅದರ ಹೆಸರು ಪರಿಚಿತ. ಒಂದೇ ಊರಿನ ಹೆಸರಿನಡಿ ಎರಡು ವಿಶ್ವವಿದ್ಯಾಲಯಗಳ ಘಟಕಗಳಿರುವುದರಿಂದ ‘ಅರಭಾವಿ ಕೇಂದ್ರ’ ಎಂದಷ್ಟೇ ಬರೆದ ಉಲ್ಲೇಖ ಅಸ್ಪಷ್ಟವಾಗುತ್ತದೆ.

4. ಸಂಕೇಶ್ವರ

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಧಾರವಾಡ ವಿಶ್ವವಿದ್ಯಾಲಯದ ಕಬ್ಬು ಸಂಶೋಧನೆ ನಡೆಯುತ್ತದೆ. ಇಲ್ಲಿ ಬಂದ ತಳಿಗಳ ಹೆಸರಿನ ಮೊದಲಿಗೆ ಇರುವ ‘ಎಸ್‌ಎನ್‌ಕೆ’ ಊರಿನ ಹೆಸರಿನ ಸಂಕ್ಷೇಪ. ಎಸ್‌ಎನ್‌ಕೆ 09211 ಎಂಬಲ್ಲಿ ಮೊದಲ ಎರಡು ಅಂಕಿ ಇಸವಿಯ ಸೂಚನೆ. ಕೊಯಮತ್ತೂರಿನ ಕೋ 86032 ತಳಿಯಲ್ಲೂ ಕ್ರಮ ಇದೇ. ಎಸ್‌ಎನ್‌ಕೆ 44ರಂಥ ಹಳೆಯ ಹೆಸರುಗಳಿಗೆ ಈ ಓದು ಹೊಂದದು. ಇಸವಿಯನ್ನು ತಳಿಯ ಬಿಡುಗಡೆಯ ವರ್ಷವೆಂದು ತಿಳಿಯಬಾರದು. ಆಯ್ಕೆಗೂ ಬಿಡುಗಡೆಗೂ ನಡುವೆ ಹಲವು ವರ್ಷಗಳ ಪರೀಕ್ಷೆ ಇರುತ್ತದೆ.

ಇಲ್ಲಿ ಒಂದು ಅಸಾಂಗತ್ಯ ಗಮನಕ್ಕೆ ಬರುತ್ತದೆ. ಘಟಪ್ರಭಾ ನದಿ ಮತ್ತು ಹಿಡಕಲ್ ಜಲಾಶಯದ ನೀರು ಹರಿಯುವ ಈ ಮೂರು ತಾಲ್ಲೂಕುಗಳಲ್ಲಿ ಕಬ್ಬು ಪ್ರಧಾನ ಬೆಳೆ. ಆದರೆ ಮನೆಗೆ ಹತ್ತಿರದ ಪದವಿ ತೋಟಗಾರಿಕೆಯದು. ಕಬ್ಬು ತೋಟಗಾರಿಕೆ ಬೆಳೆಯಲ್ಲ. ಕಬ್ಬಿನ ತಳಿವಿಜ್ಞಾನ ಸಂಕೇಶ್ವರದಲ್ಲಿ, ಸಕ್ಕರೆ ತಂತ್ರಜ್ಞಾನದ ಕಲಿಕೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ. ಅರಿಸಿನ, ತರಕಾರಿ ಬೆಳೆಯುವ ಮನೆಯ ವಿದ್ಯಾರ್ಥಿಗೆ ಅರಭಾವಿ ನೇರವಾಗಿ ಹೊಂದುತ್ತದೆ. ಕಬ್ಬಿನ ಮನೆಯವರಿಗೆ ಹೊಂದಾಣಿಕೆ ಭಾಗಶಃ ಎನ್ನಬಹುದು. ಇದು ಸಂಸ್ಥೆಯ ಕೊರತೆಯಲ್ಲ, ವಿಷಯ ವಿಂಗಡಣೆಯ ಫಲ.

5. ತುಕ್ಕಾನಟ್ಟಿ

ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ನಡೆಸುವುದು ‘ಬರ್ಡ್ಸ್’ ಎಂಬ ಸ್ವಯಂಸೇವಾ ಸಂಸ್ಥೆ. ಹಣಕಾಸಿನ ನೆರವು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ಇಂಥ ಕೇಂದ್ರಗಳ ಕೆಲಸ ಕ್ಷೇತ್ರ ಪ್ರಯೋಗ, ಮುಂಚೂಣಿ ಪ್ರಾತ್ಯಕ್ಷಿಕೆ, ರೈತರಿಗೂ ಗ್ರಾಮೀಣ ಯುವಜನರಿಗೂ ಅಲ್ಪಾವಧಿ ತರಬೇತಿ. ಪದವಿ ಕೊಡುವುದು ಅವುಗಳ ವ್ಯಾಪ್ತಿಯಲ್ಲಿಲ್ಲ.

ಡ್ರೋನ್ ವಿಷಯದಲ್ಲಿ ಪ್ರಾತ್ಯಕ್ಷಿಕೆಗೂ ಪ್ರಮಾಣಪತ್ರಕ್ಕೂ ಇರುವ ಭೇದ ಮುಖ್ಯ. 2022ರಿಂದ ಕೇಂದ್ರ ಸರ್ಕಾರದ ಕೃಷಿ ಯಂತ್ರೀಕರಣ ಯೋಜನೆಯಡಿ ಕೃಷಿ ವಿಜ್ಞಾನ ಕೇಂದ್ರಗಳು ಪ್ರಾತ್ಯಕ್ಷಿಕೆಗಾಗಿ ಡ್ರೋನ್ ಕೊಳ್ಳಲು ಪೂರ್ಣ ಸಹಾಯಧನಕ್ಕೆ ಅರ್ಹ (ಮಿತಿ 10 ಲಕ್ಷ ರೂಪಾಯಿ). ಪ್ರಾತ್ಯಕ್ಷಿಕೆ ನೋಡಿದವರಿಗೆ ಹಾರಿಸುವ ಅರ್ಹತೆ ಬರುವುದಿಲ್ಲ. 2021ರ ಡ್ರೋನ್ ನಿಯಮಗಳು ಮತ್ತು 2022ರ ಫೆಬ್ರುವರಿ ತಿದ್ದುಪಡಿಯಂತೆ ಹಾರಿಸುವವರ ಪ್ರಮಾಣಪತ್ರವನ್ನು ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ತರಬೇತಿ ಸಂಸ್ಥೆ. ಅರ್ಹತೆ 10ನೇ ತರಗತಿ ಉತ್ತೀರ್ಣ, 18ರಿಂದ 65 ವಯಸ್ಸು. ಸಿಂಧುತ್ವ 10 ವರ್ಷ. ಸ್ವಸಹಾಯ ಸಂಘಗಳ ಮಹಿಳೆಯರಿಗಾಗಿ 2023ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ‘ನಮೋ ಡ್ರೋನ್ ದೀದಿ’ ಯೋಜನೆಯ 15 ದಿನಗಳಲ್ಲಿ ಪೈಲಟ್ ತರಬೇತಿ 5 ದಿನ. ಉಳಿದ 10 ದಿನ ಗೊಬ್ಬರ, ಕೀಟನಾಶಕ ಸಿಂಪರಣೆಯ ಕಲಿಕೆ. ‘15 ದಿನದ ಪೈಲಟ್ ತರಬೇತಿ’ ಎಂದು ಬರೆದರೆ ಅದು ನಿಖರವಲ್ಲ.

6. ಅವಧಿಯ ವ್ಯತ್ಯಾಸಗಳು

ಕೃಷಿ ಪದವೀಧರರಿಗೆಂದು 2002ರಲ್ಲಿ ಆರಂಭವಾದ ‘ಅಗ್ರಿ ಕ್ಲಿನಿಕ್’ ಯೋಜನೆಯ ತರಬೇತಿ ಹಳೆಯ ವಿವರಗಳಲ್ಲಿ ಎರಡು ತಿಂಗಳು, ಈಚಿನವುಗಳಲ್ಲಿ 45 ದಿನ. ಎರಡೂ ತಮ್ಮ ಕಾಲಕ್ಕೆ ಸರಿ. ಬೀಜ, ಗೊಬ್ಬರ, ಕೀಟನಾಶಕ ಮಾರಾಟಗಾರರಿಗಾಗಿ ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ 2003ರಲ್ಲಿ ತಂದ ‘ದೇಸಿ’ ಡಿಪ್ಲೊಮಾ 48 ವಾರಗಳದ್ದು, ವಾರಕ್ಕೆ ಒಂದು ದಿನದ ಪಾಠ. ಅಂಗಡಿ ನಡೆಸುತ್ತಲೇ ಕಲಿಯುವ ಈ ಕೋರ್ಸನ್ನು, ಹೆಸರು ಡಿಪ್ಲೊಮಾ ಎಂದಿದ್ದರೂ, ಪೂರ್ಣಾವಧಿಯ ಎರಡು ವರ್ಷದ ಕೃಷಿ ಡಿಪ್ಲೊಮಾದೊಂದಿಗೆ ಒಂದೇ ಸಾಲಿನಲ್ಲಿ ಎಣಿಸಲಾಗದು.