ಸೂಜಿಗಲ್ಲೂ ಮಾಪಕದ ಮುಳ್ಳೂ

ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಎಂದು ಹೆಸರು. ಸಂಸ್ಕೃತಶಬ್ದವು ಆ ಶಿಲೆ ಲೋಹಕ್ಕೆ ಪ್ರಿಯವಾದುದೆಂದು ಹೇಳುತ್ತದೆ. ಕನ್ನಡಶಬ್ದವಾದರೋ ಆ ಶಿಲೆಯ ಮುಂದೆ ಅಲುಗುವ ಸೂಜಿಯನ್ನೇ ಕಣ್ಣಿಗೆ ಕಟ್ಟುತ್ತದೆ. ಈಗ ಕೆಲವು ದಶಕಗಳಿಂದ ಯಂತ್ರಶಾಸ್ತ್ರಜ್ಞರು, ಮುಳ್ಳು ತಿರುಗಿ ಅಳತೆಯನ್ನು ತೋರಿಸುವ ಮಾಪಕಗಳ ತಪ್ಪೊಪ್ಪುಗಳನ್ನು, ಆ ಮುಳ್ಳನ್ನು ಮುಟ್ಟದೆ, ಸೂಜಿಗಲ್ಲಿನ ಮೂಲಕವೇ ಕಂಡುಹಿಡಿಯುತ್ತಿದ್ದಾರೆ. ಈ ವಿಧಾನ ಬಂದ ದಾರಿಯನ್ನು ಸಂಗ್ರಹವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ. ಸಾಹಿತ್ಯಪ್ರಿಯರ ಪತ್ರಿಕೆಯಲ್ಲಿ ಯಂತ್ರದ ಮಾತೇಕೆ ಎಂದು ವಾಚಕರು ಕೇಳಬಹುದು. ನಮ್ಮ ಸಭೆಗಳಲ್ಲಿ, ಕೆಲವು ವೇಳೆ ತರಗತಿಗಳಲ್ಲಿಯೂ, ದೂರದಿಂದ ಕೆಲಸಮಾಡುವ ಇಂಥ ಉಪಾಯಗಳೆಲ್ಲ ಕಣಾದಸೂತ್ರದಲ್ಲಿ ಅಡಗಿವೆ ಎಂಬ ಮಾತು ಕೇಳಿಬರುತ್ತದೆ. ಆ ಸೂತ್ರಗಳನ್ನು ಗುರುಮುಖದಿಂದ ಓದಿದವನಾದುದರಿಂದ ಈ ಮಾತನ್ನು ಪರೀಕ್ಷಿಸುವ ಋಣ ನನ್ನ ಮೇಲಿದೆ.

ವೈಶೇಷಿಕದರ್ಶನದ ಐದನೆಯ ಅಧ್ಯಾಯದಲ್ಲಿ ಸೂಜಿಯು ಅಯಸ್ಕಾಂತದ ಕಡೆಗೆ ಸಾಗುವುದನ್ನು ಉದಾಹರಿಸಿ ಅದಕ್ಕೆ ಅದೃಷ್ಟವು ಕಾರಣವೆಂದಿದೆ. ಅದೃಷ್ಟಶಬ್ದವನ್ನು ಕಾಣದ ಕಾರಣವೆಂದು ತೆಗೆದುಕೊಂಡರೂ ಧರ್ಮಾಧರ್ಮಗಳೆಂದು ತೆಗೆದುಕೊಂಡರೂ, ಎಷ್ಟು ದೂರಕ್ಕೆ ಎಷ್ಟು ಸೆಳೆತ ಎಂಬ ಪ್ರಮಾಣವು ಅಲ್ಲಿ ದೊರೆಯುವುದಿಲ್ಲ. ಕುಮಾರಸಂಭವದ ಎರಡನೆಯ ಸರ್ಗದಲ್ಲಿ ಶಿವನ ಮನಸ್ಸನ್ನು ಉಮೆಯ ರೂಪದಿಂದ ಸೆಳೆಯಬೇಕೆನ್ನುವಲ್ಲಿ ಇದೇ ಶಿಲೆ ಉಪಮಾನವಾಗಿದೆ. ಸೆಳೆತವನ್ನು ನಮ್ಮವರು ಚೆನ್ನಾಗಿ ಬಲ್ಲರು; ಅದನ್ನು ಅಳೆದರೆಂದು ಹೇಳಲು ಆಧಾರವಿಲ್ಲ. ಇನ್ನೊಂದು ಉಲ್ಲೇಖ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮುಳ್ಳಿನ ಮಾಪಕದ ದೋಷವೆಂದರೇನೆಂಬುದು ನನಗೆ ಪುಸ್ತಕದಿಂದ ತಿಳಿದುದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಚಿಕಿತ್ಸಾಲಯದಲ್ಲಿ ನನ್ನ ರಕ್ತದ ಒತ್ತಡ ಮಿತಿಮೀರಿದೆಯೆಂದು ಔಷಧ ಕೊಟ್ಟರು. ಎರಡು ವಾರ ತಲೆಸುತ್ತಿನಿಂದ ನರಳಿದ ಮೇಲೆ ಬೇರೊಂದೆಡೆ ಪಾದರಸದ ಮಾಪಕದಿಂದ ನೋಡಿಸಿದೆ. ಔಷಧದ ಬಲದಿಂದ ಒತ್ತಡ ಬಹಳ ಕೆಳಗಿಳಿದಿತ್ತು. ಔಷಧ ನಿಲ್ಲಿಸಿದ ಮೇಲೆ ಸಹಜಸ್ಥಿತಿಗೆ ಬಂದು ಅಲ್ಲಿಯೇ ನಿಂತಿತು. ಮೊದಲಿನ ಮಾಪಕದ ಮುಳ್ಳು, ಗಾಳಿಯನ್ನೆಲ್ಲ ಬಿಟ್ಟ ಮೇಲೂ, ಸೊನ್ನೆಗಿಳಿಯದೆ 20ರ ಹತ್ತಿರ ನಿಂತಿದ್ದುದನ್ನು ನಾನೇ ನೋಡಿದ್ದೆ. ಅದು ದೋಷವೆಂದು ಆಗ ಹೊಳೆಯಲಿಲ್ಲ.

ಇಂಥ ಮಾಪಕಗಳು ಹತ್ತೊಂಬತ್ತನೆಯ ಶತಮಾನದ ನಡುವೆ ಫ್ರಾನ್ಸಿನಲ್ಲಿ ಹುಟ್ಟಿದುವು. 1844ರಲ್ಲಿ ಲೂಸಿಯೆನ್ ವಿದಿ ಎಂಬಾತನು ದ್ರವವಿಲ್ಲದ ವಾಯುಭಾರಮಾಪಕಕ್ಕೂ, 1849ರಲ್ಲಿ ಯೂಜೀನ್ ಬೂರ್ಡನ್ ಎಂಬಾತನು ಬಾಗಿದ ಚಪ್ಪಟೆಕೊಳವೆಯ ಒತ್ತಡಮಾಪಕಕ್ಕೂ ಹಕ್ಕುಪತ್ರ ಪಡೆದರು. ಒಳಗೆ ಒತ್ತಡ ಹೆಚ್ಚಿದಂತೆ ಬಾಗಿದ ಕೊಳವೆ ಕೂದಲೆಳೆಯಷ್ಟು ನೆಟ್ಟಗಾಗುತ್ತದೆ. ಆ ಅಲ್ಪಚಲನೆಯನ್ನು ಹಲ್ಲಿನ ಚಕ್ರಗಳು ಹಿಗ್ಗಿಸಿ ಮುಳ್ಳಿಗೆ ಮುಟ್ಟಿಸುತ್ತವೆ. ಹಿಗ್ಗಿಸುವಾಗ ಚಲನೆಯೊಡನೆ ತಪ್ಪೂ ಹಿಗ್ಗುತ್ತದೆ. ಹಲ್ಲು ಸವೆದರೆ ಮುಳ್ಳು ಏರುವಾಗ ಒಂದೆಡೆ, ಇಳಿಯುವಾಗ ಇನ್ನೊಂದೆಡೆ ನಿಲ್ಲುತ್ತದೆ. ಅಚ್ಚಿನ ಘರ್ಷಣೆ ಹೆಚ್ಚಿದರೆ ಗಾಜನ್ನು ಬೆರಳಿನಿಂದ ಮೆಲ್ಲನೆ ತಟ್ಟಿದ ಹೊರತು ಅದು ಮುಂದೆ ಸರಿಯದು. ಪರೀಕ್ಷಕರು ತಟ್ಟುವ ಮೊದಲೊಮ್ಮೆ, ತಟ್ಟಿದ ಮೇಲೊಮ್ಮೆ ಓದಿ ಬರೆದುಕೊಳ್ಳುವ ಪದ್ಧತಿ ಇದರಿಂದಲೇ ಬಂದುದು. ನೋಡುವವನ ಕಣ್ಣು ಓರೆಯಾದರೆ ನಮ್ಮ ಜ್ಯೋತಿಷದಲ್ಲಿ ಲಂಬನವೆಂದು ಕರೆಯುವ ದೋಷವೇ ಇಲ್ಲಿಯೂ ತಲೆಹಾಕುತ್ತದೆ. ಅದನ್ನು ಪರಿಹರಿಸಲು ಸೂಕ್ಷ್ಮಮಾಪಕಗಳಲ್ಲಿ ಮುಳ್ಳಿನ ಕೆಳಗೆ ಕನ್ನಡಿಯ ಪಟ್ಟಿಯನ್ನಿಡುತ್ತಾರೆ. ಮುಳ್ಳು ತನ್ನ ಪ್ರತಿಬಿಂಬವನ್ನು ಮರೆಮಾಡಿದಾಗ ಕಣ್ಣು ನೇರವಾಗಿದೆಯೆಂದು ಅರ್ಥ.

ಅಚ್ಚಿನ ಸವೆತವು ನಮ್ಮ ದೇಶದ ಯಂತ್ರಕಾರರಿಗೆ ತಿಳಿಯದುದೇನಲ್ಲ. ಸವಾಯಿ ಜಯಸಿಂಹನು (1688–1743) ತನ್ನ ಖಗೋಳಗ್ರಂಥದ ಪೀಠಿಕೆಯಲ್ಲಿ, ಹಿತ್ತಾಳೆಯ ಯಂತ್ರಗಳು ಚಿಕ್ಕವಾದುದರಿಂದಲೂ, ಅವುಗಳ ಅಚ್ಚು ಸವೆದು ಅಲುಗುವುದರಿಂದಲೂ, ವೃತ್ತದ ಕೇಂದ್ರ ಸ್ಥಳ ತಪ್ಪುವುದರಿಂದಲೂ ತನಗೆ ತೃಪ್ತಿಯಾಗಲಿಲ್ಲವೆಂದು ತಿಳಿಸಿದ್ದಾನೆ. ದೆಹಲಿ, ಜಯಪುರ ಮೊದಲಾದೆಡೆ ಕಲ್ಲುಗಾರೆಯ ಮಹಾಯಂತ್ರಗಳು ಎದ್ದುದು ಇದರಿಂದ. ಅಲ್ಲಿ ಮುಖ್ಯಯಂತ್ರಕ್ಕೆ ನೆರಳೇ ಮುಳ್ಳು. ಅದಕ್ಕೆ ಭಾರವೂ ಇಲ್ಲ, ಸವೆಯುವ ಅಚ್ಚೂ ಇಲ್ಲ.

ಯೂರೋಪಿನಲ್ಲಿ ಮುಳ್ಳಿನ ಭಾರವನ್ನು ಕಳೆದುದು ಬೆಳಕು. 1820ರಲ್ಲಿ ಊರ್ಸ್ಟೆಡ್ ಎಂಬ ಡೆನ್ಮಾರ್ಕಿನ ವಿದ್ವಾಂಸನು ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಪ್ರಕಟಿಸಿದನು. ತರುವಾಯ ಗೌಸ್ ಮಹಾಶಯನು ಗಟ್ಟಿಂಗೆನ್ನಿನಲ್ಲಿ ಅಯಸ್ಕಾಂತಕ್ಕೆ ಕನ್ನಡಿಯನ್ನು ಕಟ್ಟಿ ದೂರದರ್ಶಕದಿಂದ ನೋಡಿ ಅದರ ಅಲ್ಪಚಲನೆಯನ್ನು ಅಳೆದನು. 1858ರಲ್ಲಿ ವಿಲಿಯಂ ಥಾಮ್ಸನ್ ಅದೇ ತತ್ತ್ವದ ಮೇಲೆ ಕನ್ನಡಿಯ ವಿದ್ಯುನ್ಮಾಪಕವನ್ನು ಮಾಡಿದನು.

ಈ ವಿದ್ಯುನ್ಮಾಪಕವನ್ನು ಮುಂದಿಟ್ಟುಕೊಂಡು ಅಮೆರಿಕಾದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ 1879ರಲ್ಲಿ ಮಾಡಿದ ಪ್ರಯೋಗವು ಪಾಠಶಾಲೆಯಲ್ಲಿ ಬೆಳೆದ ನನ್ನಂಥವನಿಗೆ ಬಹಳ ಪ್ರಿಯವಾದುದು. ಮ್ಯಾಕ್ಸ್‌ವೆಲ್ಲನ ಮಹಾಗ್ರಂಥವು ಆಗ ಆ ಶಾಸ್ತ್ರಕ್ಕೆ ಮಹಾಭಾಷ್ಯದಂತಿತ್ತು. ಅಯಸ್ಕಾಂತದ ಬಲವು ತಂತಿಯ ಮೇಲೆ ವರ್ತಿಸುವುದೇ ಹೊರತು ಅದರಲ್ಲಿ ಹರಿಯುವ ಪ್ರವಾಹದ ಮೇಲಲ್ಲ ಎಂಬರ್ಥದ ಒಂದು ಮಾತು ಅದರಲ್ಲಿದ್ದಿತು. ಹಾಲನಿಗೆ ಇದು ಸರಿಬೀಳಲಿಲ್ಲ. ಗುರುವಾದ ರೋಲೆಂಡನ ಬಳಿಗೆ ಹೋದಾಗ, ಗುರುವಿಗೂ ಅದೇ ಸಂಶಯವಿದ್ದು, ಆತನು ಹಿಂದೆ ಪ್ರಯತ್ನಿಸಿ ಫಲಕಾಣದೆ ಬಿಟ್ಟಿದ್ದನೆಂದು ತಿಳಿಯಿತು. ಶಿಷ್ಯನ ಮೊದಲ ಪ್ರಯೋಗವೂ ವಿಫಲವಾಯಿತು. ಬಳಿಕ ಗಾಜಿನ ಮೇಲೆ ಚಿನ್ನದ ತೆಳುರೇಕನ್ನು ಅಂಟಿಸಿ, ಅದರ ಉದ್ದಕ್ಕೆ ವಿದ್ಯುತ್ತನ್ನು ಹರಿಯಿಸಿ, ಅಯಸ್ಕಾಂತದ ಧ್ರುವಗಳ ನಡುವೆ ಇಟ್ಟಾಗ, ರೇಕಿನ ಅಡ್ಡಕ್ಕೆ ಸಣ್ಣದೊಂದು ವಿದ್ಯುತ್ಪ್ರೇರಣೆ ಕಂಡಿತು. ಅಯಸ್ಕಾಂತವನ್ನು ತಿರುಗುಮುರುಗು ಮಾಡಿದಾಗ ಅದೂ ತಿರುಗುಮುರುಗಾಯಿತು. ಎಲೆಕ್ಟ್ರಾನು ಪತ್ತೆಯಾದುದು 1897ರಲ್ಲಿ. ಎಂದರೆ ಕಾರಣ ತಿಳಿಯುವುದಕ್ಕೆ ಹದಿನೆಂಟು ವರ್ಷ ಮೊದಲೇ ಕಾರ್ಯ ಅಳತೆಗೆ ಸಿಕ್ಕಿತ್ತು. ಅದೃಷ್ಟವೆಂದು ಗುರುತಿಟ್ಟು ನಿಲ್ಲುವುದಕ್ಕೂ, ಅದೃಷ್ಟವಾದುದನ್ನು ಅಳೆಯತೊಡಗುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗಿದೆ.

ಚಿನ್ನದಲ್ಲಿ ಈ ಪ್ರೇರಣೆ ಅತ್ಯಲ್ಪ. ಇಪ್ಪತ್ತನೆಯ ಶತಮಾನದ ನಡುವೆ ಅರೆವಾಹಕಗಳು ಬಂದ ಮೇಲೆಯೇ ಇದು ಉಪಯುಕ್ತವಾಯಿತು. ಈಗಿನ ಕ್ರಮವನ್ನು ಸ್ಥೂಲವಾಗಿ ಹೇಳುವುದಾದರೆ, ಮುಳ್ಳಿನ ಅಚ್ಚಿನ ತುದಿಗೆ ಬಿಲ್ಲೆಯಂಥ ಸಣ್ಣ ಅಯಸ್ಕಾಂತವನ್ನು, ಎರಡು ಧ್ರುವಗಳೂ ವ್ಯಾಸದ ಎರಡು ಕೊನೆಗಳಿಗೆ ಬರುವಂತೆ, ಕೂಡಿಸುತ್ತಾರೆ. ಅದರೆದುರಿಗೆ ಕೊಂಚ ದೂರದಲ್ಲಿ ಪರಸ್ಪರ ಲಂಬವಾಗಿ ಅಳೆಯುವ ಹಾಲ್ ಗ್ರಾಹಕಗಳಿರುತ್ತವೆ. ಮುಳ್ಳು ತಿರುಗಿದಂತೆ ಒಂದರಿಂದ ಭುಜಜ್ಯೆಯೂ ಮತ್ತೊಂದರಿಂದ ಕೋಟಿಜ್ಯೆಯೂ ದೊರೆಯುತ್ತವೆ. ಎರಡರ ಅನುಪಾತದಿಂದ ಚಾಪವನ್ನು ಗಣಿಸಬಹುದು. ಅನುಪಾತವೇ ಆಧಾರವಾದುದರಿಂದ ಅಯಸ್ಕಾಂತದ ಬಲ ಬಿಸಿಲಿಗೋ ಮುಪ್ಪಿಗೋ ಸ್ವಲ್ಪ ಕುಂದಿದರೂ ಕೋನ ತಪ್ಪದು. ಜ್ಯಾ–ಕೋಟಿಜ್ಯೆಗಳಿಂದ ಚಾಪವನ್ನು ತರುವ ಶ್ರೇಢಿಯನ್ನು ಕೇರಳದ ಮಾಧವಾಚಾರ್ಯನು ಹದಿನಾಲ್ಕು–ಹದಿನೈದನೆಯ ಶತಮಾನಗಳಲ್ಲಿಯೇ ಕಂಡುಕೊಂಡಿದ್ದನೆಂಬುದು ನಮಗೆ ನ್ಯಾಯವಾದ ಹೆಮ್ಮೆ. ಆದರೆ ಇಂಥ ಯಂತ್ರಗಳು ಸಾಮಾನ್ಯವಾಗಿ ಬಳಸುವುದು 1959ರಲ್ಲಿ ಜಾಕ್ ವೋಲ್ಡರ್ ಪ್ರಕಟಿಸಿದ, ಸಣ್ಣ ಸಣ್ಣ ತಿರುವುಗಳಿಂದ ಕೋನವನ್ನು ಸಮೀಪಿಸುವ ವಿಧಾನವನ್ನು. ಇದ್ದ ಹೆಮ್ಮೆಗೆ ಇಲ್ಲದುದನ್ನು ಸೇರಿಸಬಾರದು.

ಇಷ್ಟರಿಂದ ಮಾಪಕ ಸರಿಯೆಂದಾಗುವುದಿಲ್ಲ. ಗ್ರಾಹಕವು ಮುಳ್ಳಿನ ಕೋನವನ್ನು ಹೇಳಬಲ್ಲುದು. ಫಲಕದ ಮೇಲೆ ಅಚ್ಚಾದ ಅಂಕಿ ನಿಜವೇ ಎಂಬುದನ್ನು ಹೇಳಲಾರದು. ಅದಕ್ಕೆ ತಿಳಿದ ತೂಕಗಳನ್ನು ಹೇರಿ ತಿಳಿದ ಒತ್ತಡವನ್ನು ಕೊಟ್ಟು, ಏರಿಕೆಯಲ್ಲಿಯೂ ಇಳಿಕೆಯಲ್ಲಿಯೂ ತಾಳೆನೋಡಲೇಬೇಕು. ಅಯಸ್ಕಾಂತದ ಬಿಲ್ಲೆ ಅಚ್ಚಿನ ಕೇಂದ್ರಕ್ಕೆ ಸರಿಯಾಗಿ ಕೂರದಿದ್ದರೆ, ಜಯಸಿಂಹನು ದೂರಿದ ಕೇಂದ್ರಚ್ಯುತಿಯೇ ಹೊಸ ವೇಷದಲ್ಲಿ ಬಂದು, ಸುತ್ತುಸುತ್ತಿಗೂ ಮರುಕಳಿಸುವ ತಪ್ಪಾಗುತ್ತದೆ. ಹೊರಗಿನ ಕಬ್ಬಿಣ, ವಿದ್ಯುತ್ಪ್ರವಾಹಗಳ ಬಾಧೆಯೂ ಉಂಟು. ಮುಂಬಯಿಯ ಕೊಲಾಬಾದಲ್ಲಿ 1841ರಿಂದ ನಡೆದಿದ್ದ ಭೂಕಾಂತತೆಯ ವೀಕ್ಷಣೆಯನ್ನು, ನಗರಕ್ಕೆ ವಿದ್ಯುತ್ತಿನ ಟ್ರಾಮು ಬರಲಿದೆಯೆಂಬ ಕಾರಣದಿಂದ ಅಲೀಬಾಗಿಗೆ ಸಾಗಿಸಿ, 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು ತಾಳೆನೋಡಿದರು.

ಹಿಂದೆ ಉಳಿಸಿಕೊಂಡ ಉಲ್ಲೇಖ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ್ದು. ತಾನು ಚಲಿಸದೆ ಕಬ್ಬಿಣವನ್ನು ಚಲಿಸುವಂತೆ ಮಾಡುವ ಅಯಸ್ಕಾಂತದಂತೆ ಪುರುಷನು ಪ್ರಧಾನವನ್ನು ಪ್ರವರ್ತಿಸುತ್ತಾನೆ ಎಂದು ಸಾಂಖ್ಯರು ದೃಷ್ಟಾಂತವನ್ನು ತಂದಾಗ, ಶಂಕರಾಚಾರ್ಯರು ಅದನ್ನೊಪ್ಪದೆ, ಅಯಸ್ಕಾಂತದ ಸಾಮೀಪ್ಯವು ನಿತ್ಯವಲ್ಲ, ಅದಕ್ಕೆ ಒರಸಿ ಶುಚಿಮಾಡುವುದೇ ಮೊದಲಾದ ಅಪೇಕ್ಷೆಯೂ ಇದೆ ಎಂದು ತೋರಿಸುತ್ತಾರೆ. ಇದು ಯಂತ್ರವಿದ್ಯೆಯಲ್ಲ, ವಾದದ ಮಾತು. ಆದರೂ ಆ ಶಿಲೆಯನ್ನು ಕೈಯಲ್ಲಿ ಹಿಡಿದು ನೋಡಿದವರ ಮಾತಿನಂತೆ ನನಗೆ ಕೇಳಿಸುತ್ತದೆ. ಮುಟ್ಟದಿರುವುದೆಂದರೆ ಏನನ್ನೂ ಮಾಡದಿರುವುದೆಂದಲ್ಲ. ಮುಳ್ಳಿಗೆ ಕೂಡಿಸಿದ ಬಿಲ್ಲೆ ತನ್ನ ತೂಕವನ್ನು ಅಚ್ಚಿನ ಮೇಲೆ ಹೇರುತ್ತದೆ. ಮಾಪಕದ ಕವಚ ಉಕ್ಕಿನದಾದರೆ ಅದರ ಕಡೆಗೆ ಮುಳ್ಳನ್ನೇ ಎಳೆಯುತ್ತದೆ. ಆದುದರಿಂದ ಪರೀಕ್ಷೆಗೆ ಮೊದಲು, ಬಿಲ್ಲೆಯಿಲ್ಲದೆ ಒಮ್ಮೆ, ಬಿಲ್ಲೆಯನ್ನಿಟ್ಟು ಒಮ್ಮೆ, ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆಯೇ ಎಂದು ನೋಡಿ ಬರೆದುಕೊಳ್ಳಬೇಕಾಗುತ್ತದೆ.