ಬೆಲ್ಟಿನ ತುದಿಯ ಮೃಗಮುಖ
ಇಂಗ್ಲೆಂಡ್, ಕ್ರಿ.ಶ. 9ನೇ ಶತಮಾನ

ಪಟ್ಟಿಯ ತುದಿ ಸವೆಯದಿರಲಿ, ಬಕಲ್ಲಿನೊಳಗೆ ಸಲೀಸಾಗಿ ತೂರಲಿ ಎಂದು ಆಂಗ್ಲೋ-ಸ್ಯಾಕ್ಸನ್ ಜನ ಅದಕ್ಕೆ ಲೋಹದ ಬಿಲ್ಲೆ ತೊಡಿಸುತ್ತಿದ್ದರು. ಬಿಲ್ಲೆಯ ಮೇಲ್ತುದಿ ಎರಡಾಗಿ ಸೀಳಿರುತ್ತದೆ. ಚರ್ಮದ ಅಥವಾ ನೇಯ್ದ ಪಟ್ಟಿಯನ್ನು ಆ ಸೀಳಿಗೆ ಸಿಕ್ಕಿಸಿ, ಸಾಮಾನ್ಯವಾಗಿ ಎರಡು ರಿವೆಟ್ ಹೊಡೆಯುತ್ತಿದ್ದರು. ಪಟ್ಟಿ ಮಣ್ಣಲ್ಲಿ ಕೊಳೆತುಹೋಯಿತು, ಲೋಹ ಉಳಿಯಿತು.

ಕೆಳತುದಿಯನ್ನು ಹತ್ತಿರದಿಂದ ನೋಡಿ. ಅದು ಮೇಲಿನಿಂದ ಕಂಡ ಪ್ರಾಣಿಯ ಮುಖ: ದುಂಡು ಕಿವಿ, ಉಬ್ಬುಗಣ್ಣು, ಮೊಂಡು ಮೂತಿ. ನಡುವಿನ ಚೌಕಟ್ಟಿನೊಳಗೆ ಮೈ ತಿರುಚಿಕೊಂಡ ಇನ್ನೊಂದು ಮೃಗ. ಹೆಬ್ಬೆರಳಿನಷ್ಟು ಜಾಗದಲ್ಲಿ ಇಷ್ಟನ್ನು ಕೆತ್ತಿದ ಕೈಗೆ ಎಂಥ ಹಿಡಿತವಿದ್ದಿರಬೇಕು! ಬೆಳ್ಳಿಯ ಬಿಲ್ಲೆಗಳಲ್ಲಿ ಮೃಗದ ಸುತ್ತ ನಿಯೆಲ್ಲೊ ಎಂಬ ಕಪ್ಪು ಲೋಹ-ಗಂಧಕದ ಮಿಶ್ರಣ ತುಂಬಿರುವುದರಿಂದ ಆಕೃತಿ ಎದ್ದು ಕಾಣುತ್ತದೆ. 1774ರಲ್ಲಿ ಕಾರ್ನ್‌ವಾಲ್‌ನ ಟ್ರೆವಿಡಲ್‌ನಲ್ಲಿ ಸಿಕ್ಕ ಬೆಳ್ಳಿ ನಿಧಿಯಿಂದಾಗಿ ಈ ಶೈಲಿಗೆ ಆ ಊರಿನದೇ ಹೆಸರು.

ಇಂಥ ಬಿಲ್ಲೆಗಳಲ್ಲಿ ಬಹುಪಾಲು ಸಿಕ್ಕಿರುವುದು ಉತ್ತ ಹೊಲಗಳ ಮೇಲ್ಮಣ್ಣಿನಲ್ಲಿ, ಹವ್ಯಾಸಿಗಳ ಲೋಹಶೋಧಕಕ್ಕೆ. ಬೆಳ್ಳಿಯದಾದರೆ 1996ರ ನಿಧಿ ಕಾಯ್ದೆಯಂತೆ ವರದಿ ಮಾಡಲೇಬೇಕು. ತಾಮ್ರ ಮಿಶ್ರಲೋಹದ ಒಂಟಿ ಬಿಲ್ಲೆಗೆ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲ. ಆದರೂ ಸಾವಿರಾರು ಮಂದಿ, ಇಂಥ ಶೋಧಗಳನ್ನು ದಾಖಲಿಸಲು 1997ರಲ್ಲಿ ಶುರುವಾದ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್‌ಗೆ ತಮಗೆ ಸಿಕ್ಕಿದ್ದನ್ನು ತಾವಾಗಿ ತೋರಿಸಿದ್ದಾರೆ. ಇದು ದೊಡ್ಡ ಉಪಕಾರ. ಸಿಕ್ಕ ಜಾಗ ಗುರುತಾಗದ ಬಿಲ್ಲೆ ಬರೀ ಚೆಂದದ ವಸ್ತು. ಜಾಗ ಗೊತ್ತಿದ್ದರೆ, ನಾಣ್ಯಗಳ ಜೊತೆ ಅವು ಒತ್ತಾಗಿ ಸಿಗುವ ಹೊಲದಲ್ಲಿ ಹಿಂದೆ ಸಂತೆಯೋ ವಸತಿಯೋ ಇದ್ದಿರಬಹುದೆಂದು ಹುಡುಕಬಹುದು. ನಾರ್ಫೋಕ್, ಲಿಂಕನ್‌ಶೈರ್‌ಗಳಂಥ ಪೂರ್ವದ ಸೀಮೆಗಳಲ್ಲಿ ಇವು ಹೇರಳ.